ಊರಿನ ದಾರಿಗೆ ಮೊಬೈಲ್ ನಕ್ಷೆ: ಯಾವ ಆಪ್ ಸೂಕ್ತ, ಎಚ್ಚರ ಎಲ್ಲಿ?

ಗಣೇಶ ಚತುರ್ಥಿ, ದೀಪಾವಳಿ, ಮಕ್ಕಳ ಮೇ ತಿಂಗಳ ರಜೆ, ಊರ ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ನೆಂಟರ ಮನೆಯ ಮದುವೆ. ಹೊರನಾಡ ಕನ್ನಡಿಗರಿಗೆ ಊರಿಗೆ ಹೊರಡಲು ಕಾರಣಗಳು ಹಲವು. ಒಂದು ಕಾಲದಲ್ಲಿ ರಾತ್ರಿ ಬಸ್ಸಿಗೋ ಕೊಂಕಣ ರೈಲಿಗೋ ಮುಂಗಡ ಟಿಕೆಟ್ ಕಾದಿರಿಸುತ್ತಿದ್ದ ಕುಟುಂಬಗಳಲ್ಲಿ ಅನೇಕರು ಈಗ ಸ್ವಂತ ಕಾರಿನಲ್ಲಿಯೇ ಪ್ರಯಾಣ ಬೆಳೆಸುತ್ತಾರೆ. ಹಿಂದೆ ಇಂಥ ಪ್ರಯಾಣಕ್ಕೆ ಮುನ್ನ ದಾರಿ ಬಲ್ಲ ಹಿರಿಯರನ್ನು ವಿಚಾರಿಸಿ, ನಡುವೆ ಬರುವ ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುವ ರೂಢಿಯಿತ್ತು. ಇಂದು ಆ ಚೀಟಿಯ ಸ್ಥಾನವನ್ನು ಮೊಬೈಲ್ ಪರದೆ ಪಡೆದುಕೊಂಡಿದೆ.

ಈ ಅನುಕೂಲದ ಇನ್ನೊಂದು ಮುಖವೂ ಇದೆ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಹೊರರಾಜ್ಯದ ಕುಟುಂಬವೊಂದು ಮೊಬೈಲ್ ನಕ್ಷೆಯನ್ನು ನಂಬಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯದ ಒಳಗೆ ಹಲವು ಕಿಲೋಮೀಟರ್ ಸಾಗಿತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ರಾತ್ರಿಯನ್ನು ಕಾರಿನಲ್ಲಿಯೇ ಕಳೆದು, ಬೆಳಗಾದ ಬಳಿಕ ನಡೆದು ಹೋಗಿ ನೆಟ್‌ವರ್ಕ್ ಸಿಕ್ಕ ಜಾಗದಿಂದ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಅವರನ್ನು ಹೊರತಂದರು. ಮುಂಬಯಿ, ಪುಣೆಗಳಿಂದ ಊರಿಗೆ ಹೋಗುವ ನಮ್ಮವರ ಹೆದ್ದಾರಿಗೆ ಖಾನಾಪುರ ತಾಲ್ಲೂಕು ಬಹಳ ದೂರವೇನೂ ಅಲ್ಲ.

ಆದ್ದರಿಂದ ಯಾವ ಆಪ್ ಒಳ್ಳೆಯದು ಎಂಬ ಪ್ರಶ್ನೆಯೊಡನೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಅವಶ್ಯ. ಎರಡಕ್ಕೂ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ಆಪ್ ದಾರಿ ತೋರುವುದು ಹೇಗೆ?

ದಾರಿ ತೋರುವ ಪ್ರತಿಯೊಂದು ಆಪ್ ಮೂರು ಆಧಾರಗಳ ಮೇಲೆ ನಿಂತಿದೆ. ಅವು ಉಪಗ್ರಹ, ನಕ್ಷೆ ಮತ್ತು ವಾಹನ ದಟ್ಟಣೆಯ ಮಾಹಿತಿ.

ಮೊದಲನೆಯದು ಉಪಗ್ರಹ. ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ಇಟ್ಟಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆಯೇ ಅದು ಕಾರು ಚಾಲಕರಿಗೆ ನಿಜವಾಗಿ ಉಪಯುಕ್ತವಾದದ್ದು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕಿದರೆ ಮೊಬೈಲ್ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ, ಚೀನಾದ ಬೈಡೂ ಇದೇ ಬಗೆಯ ವ್ಯವಸ್ಥೆಗಳು. ನಮ್ಮ ಇಸ್ರೋ ಸಂಸ್ಥೆಯು ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈಯಲ್ಲಿ ಹಾರಿಸಿತು. ಮೊಬೈಲ್ ಇವುಗಳಲ್ಲಿ ಹಲವನ್ನು ಒಟ್ಟಾಗಿ ಬಳಸಿಕೊಳ್ಳುತ್ತದೆ. ಬಯಲಿನಲ್ಲಿ ಅದರ ಲೆಕ್ಕ ಸಾಮಾನ್ಯವಾಗಿ ಸುಮಾರು 5 ಮೀಟರ್ ಅಂತರದೊಳಗೆ ಸರಿಯಾಗಿರುತ್ತದೆ. ಎತ್ತರದ ಕಟ್ಟಡಗಳ ನಡುವೆ ಅದು ತಪ್ಪಬಹುದು. ಸುರಂಗದೊಳಗೆ ಉಪಗ್ರಹದ ಸಂಕೇತವೇ ಸಿಗದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಪಗ್ರಹದ ಸೇವೆ ಎಲ್ಲ ಆಪ್‌ಗಳಿಗೂ ಒಂದೇ. ಅದಕ್ಕೆ ಶುಲ್ಕವೂ ಇಲ್ಲ, ಅಂತರಜಾಲವೂ ಬೇಕಿಲ್ಲ. ಆದುದರಿಂದ ಆಪ್‌ಗಳ ನಡುವಿನ ವ್ಯತ್ಯಾಸ ಇರುವುದು ಉಳಿದ ಎರಡು ಆಧಾರಗಳಲ್ಲಿ.

ಎರಡನೆಯದು ನಕ್ಷೆ. ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ ಈ ಬಗೆಯ ಲೆಕ್ಕಾಚಾರಕ್ಕೆ ಬುನಾದಿ. ಪ್ರತಿ ರಸ್ತೆಯ ತುಂಡಿಗೂ ಒಂದು ಅಂಕಿ ಕೊಟ್ಟು, ಒಟ್ಟು ಮೊತ್ತ ಅತಿ ಕಡಿಮೆಯಾಗುವ ದಾರಿಯನ್ನು ಆರಿಸುವುದು ಅದರ ಸಾರ. ಆಪ್‌ಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ನಿಮಿಷಗಳು. ರಸ್ತೆಯ ಹೊಂಡ, ಘಾಟಿಯ ತಿರುವು, ಬೀದಿದೀಪದ ಅಭಾವ, ಕಾಡಾನೆಯ ಭಯ ಇವು ಯಾವುವೂ ಆ ಅಂಕಿಯಲ್ಲಿ ಸರಿಯಾಗಿ ಸೇರಿರುವುದಿಲ್ಲ. ಹತ್ತು ನಿಮಿಷ ಉಳಿಯುವುದೆಂದು ಲೆಕ್ಕ ಬಂದರೆ ಆಪ್ ನಮ್ಮನ್ನು ಹೆದ್ದಾರಿಯಿಂದ ಇಳಿಸಿ ತೋಟದ ದಾರಿಗೆ ತಿರುಗಿಸಲು ಹಿಂಜರಿಯದು.

ಮೂರನೆಯದು ದಟ್ಟಣೆಯ ಮಾಹಿತಿ. ಅದೇ ರಸ್ತೆಯಲ್ಲಿ ಸಾಗುತ್ತಿರುವ ಇತರರ ಮೊಬೈಲ್‌ಗಳ ವೇಗವೇ ಇದಕ್ಕೆ ಮುಖ್ಯ ಮೂಲ. ಸಾವಿರಾರು ಮೊಬೈಲ್‌ಗಳು ಚಲಿಸುವ ಅಂಧೇರಿಯಲ್ಲೋ ಹೆಬ್ಬಾಳದಲ್ಲೋ ಈ ಮಾಹಿತಿ ಬಹುಮಟ್ಟಿಗೆ ನಂಬಲರ್ಹ. ನಡುರಾತ್ರಿಯಲ್ಲಿ ಒಂದೆರಡು ವಾಹನಗಳಷ್ಟೇ ಸಾಗುವ ಘಾಟಿಯಲ್ಲಿ ಹಾಗಲ್ಲ. ಅಲ್ಲಿ ಪರದೆಯ ಮೇಲೆ ಕೆಂಪು ಗೆರೆ ಕಾಣಿಸದಿದ್ದರೆ ರಸ್ತೆ ಸುಗಮವಾಗಿದೆ ಎಂದು ತಿಳಿಯಬಾರದು. ಸುದ್ದಿ ಕೊಡುವವರು ಯಾರೂ ಇಲ್ಲದಿರುವ ಸಾಧ್ಯತೆಯೂ ಇದೆ.

ಪ್ರಮುಖ ಆಪ್‌ಗಳ ಪರಿಚಯ

ಗೂಗಲ್ ಮ್ಯಾಪ್ಸ್: 2005ರ ಫೆಬ್ರವರಿಯಲ್ಲಿ ಆರಂಭವಾದ ಇದು ನಮ್ಮಲ್ಲಿ ಅತ್ಯಂತ ಪರಿಚಿತ. ಬಳಸುವವರ ಸಂಖ್ಯೆ ದೊಡ್ಡದಾದ್ದರಿಂದ ನಗರಗಳಲ್ಲಿ ದಟ್ಟಣೆಯ ಮಾಹಿತಿ ಇದರ ಬಲ. ಪೆಟ್ರೋಲ್ ಬಂಕ್, ಆಸ್ಪತ್ರೆ, ಹೋಟೆಲ್‌ಗಳನ್ನು ಹುಡುಕಲು ಅನುಕೂಲ. 2018ರಿಂದ ಕನ್ನಡದಲ್ಲಿಯೂ ಧ್ವನಿ ಸೂಚನೆ ದೊರೆಯುತ್ತದೆ. ಮೇಲ್ಸೇತುವೆ ಹತ್ತಬೇಕೇ ಬೇಡವೇ ಎಂಬ ಸೂಚನೆಯನ್ನೂ, ಕೆಲವು ನಗರಗಳಲ್ಲಿ ಕಾರಿಗೆ ಇಕ್ಕಟ್ಟಾಗುವ ರಸ್ತೆಗಳನ್ನು ತಪ್ಪಿಸುವ ಸೌಲಭ್ಯವನ್ನೂ ಭಾರತಕ್ಕಾಗಿ 2024ರ ಜುಲೈಯಲ್ಲಿ ಪ್ರಕಟಿಸಲಾಯಿತು. ಬೇಕಾದ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ದಾರಿ ತೋರುತ್ತದೆ. ಆದರೆ ಆಗ ದಟ್ಟಣೆಯ ಮಾಹಿತಿ ಇರದು. ಇಳಿಸಿಕೊಂಡ ನಕ್ಷೆಗೆ ಕಾಲಾವಧಿಯೂ ಇರುವುದರಿಂದ ಹೊರಡುವ ಮುನ್ನ ನವೀಕರಿಸಿಕೊಳ್ಳಬೇಕು.

ಮ್ಯಾಪಲ್ಸ್: 1995ರಲ್ಲಿ ರಾಕೇಶ್ ವರ್ಮಾ ಮತ್ತು ರಶ್ಮಿ ವರ್ಮಾ ದಂಪತಿ ಸ್ಥಾಪಿಸಿದ ಮ್ಯಾಪ್‌ಮೈಇಂಡಿಯಾ ಸಂಸ್ಥೆಯ ಆಪ್ ಇದು. ಸಂಸ್ಥೆ 2021ರ ಡಿಸೆಂಬರಿನಲ್ಲಿ ಷೇರುಪೇಟೆ ಪ್ರವೇಶಿಸಿತು. ಭಾರತದ ರಸ್ತೆಗಳನ್ನು ಗಮನದಲ್ಲಿರಿಸಿ ರೂಪಿಸಿದ ಕಾರಣ ರಸ್ತೆ ಉಬ್ಬು, ಹೊಂಡ, ಅಪಾಯದ ತಿರುವುಗಳ ಎಚ್ಚರಿಕೆ, ದಾರಿಯ ಟೋಲ್ ವೆಚ್ಚದ ಅಂದಾಜು ಇದರಲ್ಲಿದೆ. ಕೆಲವು ದೊಡ್ಡ ಕೂಡುರಸ್ತೆಗಳಲ್ಲಿ ಮೇಲ್ಸೇತುವೆಯ ಚಿತ್ರವನ್ನೇ ಪರದೆಯಲ್ಲಿ ತೋರಿಸಿ ಯಾವ ಸಾಲು ಹಿಡಿಯಬೇಕೆಂದು ತಿಳಿಸುವುದು ಇದರ ವಿಶೇಷ. ಮನೆಯ ವಿಳಾಸಕ್ಕೆ ಆರು ಅಕ್ಷರಗಳ ಸಂಕೇತವನ್ನೂ ಕೊಡುತ್ತದೆ.

ವೇಜ್: ಇಸ್ರೇಲಿನಲ್ಲಿ ಹುಟ್ಟಿ 2013ರಲ್ಲಿ ಗೂಗಲ್ ಒಡೆತನಕ್ಕೆ ಸೇರಿದ ಆಪ್. ಮುಂದೆ ಅಪಘಾತವಾಗಿದೆ, ಲಾರಿ ಕೆಟ್ಟು ನಿಂತಿದೆ ಎಂಬ ಸುದ್ದಿಯನ್ನು ಚಾಲಕರೇ ಪರಸ್ಪರ ತಿಳಿಸುವುದು ಇದರ ವೈಶಿಷ್ಟ್ಯ. ಸುದ್ದಿ ಕೊಡುವವರು ಹೆಚ್ಚಿರುವಲ್ಲಿ ಮಾತ್ರ ಇದು ಪ್ರಯೋಜನಕಾರಿ. ಅಂತರಜಾಲ ಸಂಪರ್ಕವನ್ನೇ ಅವಲಂಬಿಸಿರುವುದರಿಂದ ಘಾಟಿಯ ದಾರಿಗೆ ಇದೊಂದನ್ನೇ ನಂಬಿ ಹೊರಡುವುದು ಸರಿಯಲ್ಲ.

ಆಪಲ್ ಮ್ಯಾಪ್ಸ್: ಐಫೋನ್ ಬಳಸುವವರಿಗೆ ಮಾತ್ರ. 2012ರಲ್ಲಿ ಬಂದರೂ ಭಾರತದಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯ ದೊರೆತದ್ದು 2019ರಲ್ಲಿ. ನಕ್ಷೆಯನ್ನು ಇಳಿಸಿಟ್ಟುಕೊಳ್ಳುವ ಅವಕಾಶ 2023ರಲ್ಲಿ ಬಂತು.

ಹಿಯರ್ ವಿಗೋ: ಒಂದು ಕಾಲದಲ್ಲಿ ನೋಕಿಯಾ ಸಂಸ್ಥೆಗೆ ಸೇರಿದ್ದ ನಕ್ಷೆ ವಿಭಾಗವನ್ನು 2015ರಲ್ಲಿ ಆಡಿ, ಬಿಎಂಡಬ್ಲ್ಯೂ, ಡೈಮ್ಲರ್ ಕಂಪನಿಗಳು ಕೊಂಡವು. ಅದರ ಆಪ್ ಇದು. ದೊಡ್ಡ ಪ್ರದೇಶದ ನಕ್ಷೆಯನ್ನು ಒಮ್ಮೆಗೇ ಇಳಿಸಿಕೊಂಡು ಅಂತರಜಾಲವಿಲ್ಲದೆ ಬಳಸಬಹುದು.

ಆರ್ಗ್ಯಾನಿಕ್ ಮ್ಯಾಪ್ಸ್: 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆಧರಿಸಿದ ಉಚಿತ ಆಪ್. ಜಾಹೀರಾತು ಇಲ್ಲ, ಪ್ರಯಾಣದ ದಾಖಲೆಯನ್ನು ಸಂಗ್ರಹಿಸುವುದಿಲ್ಲ. ನಕ್ಷೆ ಪೂರ್ತಿಯಾಗಿ ಮೊಬೈಲಿನಲ್ಲಿಯೇ ಇರುತ್ತದೆ. ನೇರ ದಟ್ಟಣೆಯ ಮಾಹಿತಿ ಇಲ್ಲದಿರುವುದು ಇದರ ಕೊರತೆ.

ಯಾರಿಗೆ ಯಾವುದು?

ದಿನನಿತ್ಯ ನಗರದೊಳಗೆ ಮನೆಯಿಂದ ಕಚೇರಿಗೆ ಓಡಾಡುವವರಿಗೆ ನೇರ ದಟ್ಟಣೆಯ ಮಾಹಿತಿಯೇ ಮುಖ್ಯ. ದಾರಿ ಅವರಿಗೆ ಗೊತ್ತಿರುತ್ತದೆ. ಎಲ್ಲಿ ವಾಹನಗಳು ಸಿಕ್ಕಿಕೊಂಡಿವೆ ಎಂಬುದಷ್ಟೇ ತಿಳಿಯಬೇಕಾಗಿದೆ. ಅಂಥವರಿಗೆ ಗೂಗಲ್ ಮ್ಯಾಪ್ಸ್ ಸಾಕು. ಮೇಲ್ಸೇತುವೆಗಳ ಜಾಲದಲ್ಲಿ ಗೊಂದಲವಾಗುವವರು ಮ್ಯಾಪಲ್ಸ್ ಬಳಸಿ ನೋಡಬಹುದು.

ದೂರದ ಪ್ರಯಾಣಕ್ಕೆ ಒಂದು ಆಪ್ ಸಾಲದು. ನೇರ ಮಾಹಿತಿ ಕೊಡುವ ಒಂದು, ಅಂತರಜಾಲವಿಲ್ಲದೆಯೂ ನಡೆಯುವ ಇನ್ನೊಂದು, ಹೀಗೆ ಎರಡನ್ನು ಇಟ್ಟುಕೊಳ್ಳುವುದು ಉತ್ತಮ. ಸಾಧ್ಯವಾದರೆ ಎರಡನೆಯದನ್ನು ಪಕ್ಕದಲ್ಲಿ ಕುಳಿತವರ ಮೊಬೈಲಿನಲ್ಲಿ ಹಾಕಿಡಿ. ಒಂದರ ಬ್ಯಾಟರಿ ಮುಗಿದರೂ ಇನ್ನೊಂದು ಕೈಹಿಡಿಯುತ್ತದೆ. ಎರಡೂ ಒಂದೇ ದಾರಿ ಹೇಳಿದರೆ ನೆಮ್ಮದಿ. ಬೇರೆ ಬೇರೆ ದಾರಿ ಹೇಳಿದರೆ ಅಲ್ಲಿ ನಿಂತು ಯೋಚಿಸಬೇಕೆಂಬ ಎಚ್ಚರಿಕೆ ಅದು.

ಮುಂಬಯಿಯಿಂದ ಉಡುಪಿ, ಮಂಗಳೂರಿಗೆ ಹೋಗುವವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುಮಾರು 900 ಕಿ.ಮೀ. ದೂರದ ಈ ಪ್ರಯಾಣಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಪನ್ವೇಲ್, ಮಹಾಡ್, ಚಿಪ್ಳೂಣ್, ಕುಡಾಳ, ಗೋವಾ, ಕಾರವಾರ, ಭಟ್ಕಳದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66. ಹಿರಿಯರ ಬಾಯಲ್ಲಿ ಇನ್ನೂ ಇದು ಹೆದ್ದಾರಿ 17. ಇನ್ನೊಂದು ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರದ ಮೂಲಕ ಅಂಕೋಲೆಗೆ ಇಳಿಯುವ ದಾರಿ. ಆಪ್ ಇವೆರಡರ ನಡುವೆ ಗಂಟೆಗಳ ಲೆಕ್ಕದಲ್ಲಿ ಆಯ್ಕೆ ಮಾಡುತ್ತದೆ. ಅಷ್ಟೇ ಅಲ್ಲ, ನಡುವೆ ಅಂಬಾ, ಅಂಬೋಲಿ, ಚೋರ್ಲಾ ಮೊದಲಾದ ಘಾಟಿಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸಲಹೆಯನ್ನೂ ಕೊಡಬಹುದು. ಹಗಲಿನಲ್ಲಿ ಅವು ರಮಣೀಯ. ಮಳೆಗಾಲದ ರಾತ್ರಿಯಲ್ಲಿ, ಹಿಂದಿನ ಆಸನದಲ್ಲಿ ಮಕ್ಕಳೂ ವೃದ್ಧರೂ ಇರುವಾಗ, ಆ ಸಲಹೆಯನ್ನು ಒಪ್ಪುವ ಮುನ್ನ ಎರಡು ಬಾರಿ ಯೋಚಿಸಬೇಕು.

ಇದಕ್ಕೆ ಸುಲಭ ಉಪಾಯವಿದೆ. ಕೊನೆಯ ಊರನ್ನು ಮಾತ್ರ ನಮೂದಿಸಿ ಸುಮ್ಮನಿರಬೇಡಿ. ನೀವು ಹೋಗಬಯಸುವ ಹೆದ್ದಾರಿಯ ಊರುಗಳನ್ನು, ಉದಾಹರಣೆಗೆ ಕೊಲ್ಹಾಪುರ, ಹುಬ್ಬಳ್ಳಿ, ಅಂಕೋಲಾ, ಇವುಗಳನ್ನು ನಡುವಿನ ನಿಲುಗಡೆಗಳಾಗಿ ಸೇರಿಸಿ. ಆಗ ಆಪ್ ಆ ಊರುಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ಅಡ್ಡದಾರಿಗೆ ಎಳೆಯುವ ಸಂಭವ ಬಹಳ ಕಡಿಮೆಯಾಗುತ್ತದೆ.

ನಂಬುವ ಮುನ್ನ ಪರೀಕ್ಷಿಸಿ

ಹೊಸ ಆಪ್ ಹಾಕಿಕೊಂಡ ದಿನವೇ ದೂರಪ್ರಯಾಣಕ್ಕೆ ಹೊರಡಬಾರದು. ನಿಮಗೆ ಅಂಗೈಯಷ್ಟು ಪರಿಚಿತವಾದ ರಸ್ತೆಯಲ್ಲಿ ಮೊದಲು ಪರೀಕ್ಷಿಸಿ ನೋಡಿ. ಈ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ.

1. ತಿರುವಿನ ಸೂಚನೆ ಸಾಲು ಬದಲಿಸಲು ಸಮಯವಿರುವಷ್ಟು ಮುಂಚಿತವಾಗಿ ಬರುತ್ತದೆಯೇ? ತಿರುವು ಬಂದ ಮೇಲೆ ಹೇಳುವ ಆಪ್ ಹೆದ್ದಾರಿಗೆ ತಕ್ಕದ್ದಲ್ಲ.

2. ಮೇಲ್ಸೇತುವೆ ಮತ್ತು ಅದರ ಪಕ್ಕದ ಸರ್ವಿಸ್ ರಸ್ತೆಯ ವ್ಯತ್ಯಾಸವನ್ನು ಅದು ಗುರುತಿಸುತ್ತದೆಯೇ?

3. ಮೊಬೈಲ್ ಡೇಟಾ ನಿಲ್ಲಿಸಿದ ಮೇಲೂ ದಾರಿ ತೋರುತ್ತದೆಯೇ? ಬೇಕೆಂದೇ ಒಂದು ತಿರುವು ತಪ್ಪಿಸಿದಾಗ ಹೊಸ ದಾರಿ ಹುಡುಕಿ ಕೊಡುತ್ತದೆಯೇ?

4. ಧ್ವನಿ ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಸ್ಪಷ್ಟವಾಗಿ ಇದೆಯೇ? ಅಪ್ಪನೋ ಮಾವನೋ ಕಾರು ಓಡಿಸುವ ಮನೆಗಳಲ್ಲಿ ಕನ್ನಡದ ಸೂಚನೆ ಕೇವಲ ಅಭಿಮಾನದ ಮಾತಲ್ಲ. ಒಮ್ಮೆ ಕೇಳಿದೊಡನೆ ತಿಳಿದರೆ ಪರದೆ ನೋಡುವ ಅಗತ್ಯ ಬೀಳದು.

5. ಹೇಳಿದ ಸಮಯಕ್ಕೂ ತಲಪಿದ ಸಮಯಕ್ಕೂ ಎಷ್ಟು ಅಂತರ? ಮೂರು ನಾಲ್ಕು ಬಾರಿ ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ.

ಹೆಸರಿನ ಗೊಂದಲ

ದಾರಿ ತಪ್ಪುವುದು ಅನೇಕ ಸಲ ರಸ್ತೆಯಲ್ಲಲ್ಲ, ಹೊರಡುವ ಮುನ್ನ ಹೆಸರು ನಮೂದಿಸುವಾಗಲೇ. ಶಿರೂರು ಎಂದು ಹುಡುಕಿದರೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನದು, ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನದು ಎರಡೂ ಸಿಗುತ್ತವೆ. ಎರಡೂ ಹೆದ್ದಾರಿ 66ರ ಮೇಲೆಯೇ ಇವೆ. ಪುಣೆ ಜಿಲ್ಲೆಯಲ್ಲೂ ಒಂದು ಶಿರೂರು ಇದೆ. ವಿಜಯಪುರ ಎಂದರೆ ಗೋಳಗುಮ್ಮಟದ ವಿಜಯಪುರವೂ ಹೌದು, ದೇವನಹಳ್ಳಿ ತಾಲ್ಲೂಕಿನ ವಿಜಯಪುರವೂ ಹೌದು. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ಶಿವಮೊಗ್ಗ ಸೇರಿದಂತೆ 12 ನಗರಗಳ ಹೆಸರು ಅಧಿಕೃತವಾಗಿ ಕನ್ನಡದ ರೂಪಕ್ಕೆ ಬದಲಾಯಿತು. ಹಳೆಯ ಫಲಕಗಳಲ್ಲಿ ಇನ್ನೂ ಹಳೆಯ ಹೆಸರು ಕಂಡರೆ ಗಾಬರಿ ಬೇಡ.

ಹಳ್ಳಿಯ ಮನೆ ಹುಡುಕುವಾಗ ಊರ ಹೆಸರು ಸಾಲದು. ಅಲ್ಲಿರುವ ಬಂಧುಗಳು ತಮ್ಮ ಅಂಗಳದಲ್ಲಿ ನಿಂತು ವಾಟ್ಸ್ಆಪ್ ಮೂಲಕ ಸ್ಥಳದ ಗುರುತನ್ನು ಕಳುಹಿಸಿದರೆ ಅದೇ ಅತ್ಯಂತ ಖಚಿತ. ಆ ಗುರುತನ್ನು ತೆರೆದು, ತಾಲ್ಲೂಕು ಜಿಲ್ಲೆ ಸರಿಯಾಗಿವೆಯೇ ಎಂದು ನೋಡಿಕೊಂಡೇ ಹೊರಡಿ.

ನಕ್ಷೆಗೆ ತಿಳಿಯದ ಸಂಗತಿಗಳು

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಕೆಳಗುರುಳಿ ಮೂವರು ಮೃತಪಟ್ಟರು. ಪ್ರವಾಹದಲ್ಲಿ ಕೊಚ್ಚಿಹೋದ ಸೇತುವೆ ನಕ್ಷೆಯಲ್ಲಿ ಹಾಗೆಯೇ ಉಳಿದಿತ್ತು. ರಸ್ತೆಗೆ ತಕ್ಕ ತಡೆಯೂ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಆಸ್ಪತ್ರೆಗೆ ನಸುಕಿನಲ್ಲಿ ಹೊರಟಿದ್ದ ಇಬ್ಬರು ಯುವಕರ ಕಾರು ನೀರು ತುಂಬಿದ ಕಿರುಸೇತುವೆಯಿಂದ ಹೊಳೆಗೆ ಸೆಳೆದುಹೋಯಿತು. ಮರವನ್ನು ಹಿಡಿದುಕೊಂಡಿದ್ದ ಅವರನ್ನು ಅಗ್ನಿಶಾಮಕ ಸಿಬ್ಬಂದಿ ಪಾರುಮಾಡಿದರು. ಇವೆರಡು ಪ್ರಸಂಗಗಳಿಗೂ ಸಮಾನವಾದ ಅಂಶಗಳು ಮೂರು: ಅಪರಿಚಿತ ರಸ್ತೆ, ಕತ್ತಲೆ ಅಥವಾ ಮಂದ ಬೆಳಕು, ಪರದೆಯ ಮೇಲಿನ ನಂಬಿಕೆ.

ನಮ್ಮ ಊರ ದಾರಿಗಳಲ್ಲಿ ಇಂಥ ಸಂಗತಿಗಳು ಕಡಿಮೆಯೇನಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದುದನ್ನು ಯಾರೂ ಮರೆತಿಲ್ಲ. ಬೆಂಗಳೂರು, ಮಂಗಳೂರುಗಳ ನಡುವಿನ ಶಿರಾಡಿ ಘಾಟಿಯಲ್ಲಿಯೂ ಅದೇ ತಿಂಗಳು ಮಣ್ಣು ಕುಸಿದು ಸಂಚಾರ ನಿಂತಿತ್ತು. ಬಂಡೀಪುರ ಅರಣ್ಯದೊಳಗಿನ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮಳೆಗಾಲದಲ್ಲಿ ಘಾಟಿ ರಸ್ತೆಗಳ ಬಗ್ಗೆ ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶ ಆಪ್‌ಗೆ ತಲಪುವಷ್ಟರಲ್ಲಿ ತಡವಾಗಬಹುದು. ಆದುದರಿಂದ ಹೊರಡುವ ಹಿಂದಿನ ದಿನ ಆ ಜಿಲ್ಲೆಯ ಸುದ್ದಿ ನೋಡುವುದು, ಊರಿನವರಿಗೆ ಒಂದು ಕರೆ ಮಾಡಿ ವಿಚಾರಿಸುವುದು ಯಾವ ಆಪ್ ಇದ್ದರೂ ತಪ್ಪಿಸಬಾರದ ಕೆಲಸ.

ದಾರಿಯಲ್ಲಿ ಪಾಲಿಸಬಹುದಾದ ಕೆಲವು ನಿಯಮಗಳು ಹೀಗಿವೆ. ಡಾಂಬರು ಮುಗಿದು ಮಣ್ಣಿನ ದಾರಿ ಆರಂಭವಾದರೆ ಅಲ್ಲಿಂದಲೇ ಹಿಂದಿರುಗಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಅವಸರವಿದ್ದರೂ ದಾಟಬೇಡಿ. ಎದುರಿನಿಂದ ಬಹಳ ಹೊತ್ತು ಒಂದು ವಾಹನವೂ ಬರದಿದ್ದರೆ ಸಂದೇಹಪಡಿ. ರಸ್ತೆಯ ಫಲಕ ಒಂದು ಹೇಳಿ ಪರದೆ ಇನ್ನೊಂದು ಹೇಳಿದರೆ ಫಲಕಕ್ಕೆ ಆದ್ಯತೆ ಕೊಡಿ. ತುರ್ತು ಸಂದರ್ಭದಲ್ಲಿ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಈ ಎರಡು ಸಂಖ್ಯೆಗಳನ್ನು ಕಾರಿನಲ್ಲಿರುವ ಎಲ್ಲರೂ ತಿಳಿದಿರಬೇಕು.

ಕಾನೂನು ಮತ್ತು ಕಾರಿನೊಳಗಿನ ವ್ಯವಸ್ಥೆ

ಚಾಲನೆಯ ವೇಳೆ ಮೊಬೈಲ್ ಕೈಯಲ್ಲಿ ಹಿಡಿದು ಬಳಸುವುದು ಮೋಟಾರು ವಾಹನ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಬಾರಿಗೇ 5,000 ರೂಪಾಯಿವರೆಗೆ ದಂಡ ಬೀಳಬಹುದು. ದಾರಿ ನೋಡುವುದಕ್ಕೆ ಮಾತ್ರ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಬಳಸಲು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ಅವಕಾಶ ನೀಡಿದೆ. ಹಾಗಾಗಿ ಮೊಬೈಲನ್ನು ತೊಡೆಯ ಮೇಲಿಡದೆ, ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿ, ಗಾಜಿನ ನೋಟಕ್ಕೆ ಅಡ್ಡವಾಗದಂತೆ ಹೋಲ್ಡರಿನಲ್ಲಿ ಕೂರಿಸಬೇಕು. ಕಾರಿನಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದ್ದರೆ ನಕ್ಷೆಯನ್ನು ಕಾರಿನ ಪರದೆಯಲ್ಲಿಯೇ ನೋಡಬಹುದು.

ವಿಳಾಸ ನಮೂದಿಸುವುದು, ದಾರಿ ಬದಲಿಸುವುದು ಇವೆಲ್ಲ ಕಾರು ನಿಂತಿರುವಾಗ ಆಗಬೇಕು. ಇಲ್ಲವೇ ಪಕ್ಕದಲ್ಲಿ ಕುಳಿತವರು ಆ ಹೊಣೆ ಹೊರಬೇಕು. ಬಿಸಿಲಿಗೆ ಒಡ್ಡಿದ ಮೊಬೈಲ್ ಬಿಸಿಯಾಗಿ ಸ್ಥಗಿತಗೊಳ್ಳುವುದುಂಟು. ನಕ್ಷೆ ಸತತವಾಗಿ ನಡೆದರೆ ಬ್ಯಾಟರಿ ಬೇಗ ಇಳಿಯುತ್ತದೆ. ಒಳ್ಳೆಯ ಚಾರ್ಜರ್ ಮತ್ತು ಒಂದು ಹೆಚ್ಚುವರಿ ಕೇಬಲ್ ಜತೆಗಿರಲಿ.

ಕೊನೆಯದಾಗಿ ಒಂದು ಮಾತು. ಊರುಗಳ ಹೆಸರು ಬರೆದ ಆ ಹಳೆಯ ಚೀಟಿಯನ್ನು ಪೂರ್ತಿ ಕೈಬಿಡಬೇಡಿ. ದಾರಿಯ ಹತ್ತು ಮುಖ್ಯ ಊರುಗಳನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸಿ ಕಾರಿನಲ್ಲಿಡಿ. ಅದರಲ್ಲಿಲ್ಲದ ಕಡೆಗೆ ಆಪ್ ತಿರುಗಿಸಿದೊಡನೆ ಮಕ್ಕಳೇ ಎಚ್ಚರಿಸುತ್ತಾರೆ. ತಮ್ಮ ಊರಿಗೆ ಹೋಗುವ ದಾರಿ ಅವರಿಗೂ ಬಾಯಿಪಾಠವಾಗುತ್ತದೆ. ಸಂದೇಹ ಬಂದ ಕವಲಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಚಹಾದಂಗಡಿಯವರನ್ನು ಕೇಳಲು ಸಂಕೋಚ ಬೇಡ. ಆ ದಾರಿಯಲ್ಲಿ ನಿನ್ನೆ ಏನಾಯಿತೆಂಬುದು ಅವರಿಗೆ ತಿಳಿದಿರುತ್ತದೆ. ಒಂದು ಗಂಟೆ ತಡವಾದರೂ ಚಿಂತೆಯಿಲ್ಲ, ಮನೆಮಂದಿಯೆಲ್ಲ ಕ್ಷೇಮವಾಗಿ ಊರು ಸೇರುವಂತಾಗಲಿ.